ಮಲಕ್ಕಾಕ್ಕೆ ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ನಮ್ಮ ಬಳಗದಲ್ಲಿ ಯಾರಾದರೂ ಮಲೇಷ್ಯಾಕ್ಕೆ ಟಿಕೆಟ್ ಮಾಡಿಸಿದರೆ ನನಗೊಂದು ಫೋನ್ ಬರುತ್ತದೆ. "ಅದ್ಯಾವುದೋ ನದಿ ದಡದ ಹಳೇ ಊರು ಅಂತ ಹೇಳ್ತಿದ್ರಲ್ಲ, ಅಲ್ಲಿಗೆ ಹೋಗೋದು ಹೇಗೆ?" ಅಂತ. ನಾನು ಮಲಕ್ಕಾಕ್ಕೆ ಎರಡು ಸಲ ಹೋಗಿದ್ದೇನೆ. ಮೊದಲ ಸಲ ಅರ್ಧ ದಿನ, ಎರಡನೇ ಸಲ ಅಮ್ಮನ ಜೊತೆ ಮೂರು ರಾತ್ರಿ. ಎಲ್ಲರಿಗೂ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಬರೆದಿಟ್ಟಿದ್ದೇನೆ.

ಮಲಕ್ಕಾ ಎಲ್ಲಿದೆ? ಎಷ್ಟು ದೊಡ್ಡ ಊರು?

ಮಲೇಷ್ಯಾದ ಪಶ್ಚಿಮ ಕರಾವಳಿಯಲ್ಲಿದೆ. ಶಾಲೆಯ ಭೂಗೋಳದಲ್ಲಿ ಮಲಕ್ಕಾ ಜಲಸಂಧಿ ಅಂತ ಓದಿರುತ್ತೀರಲ್ಲ, ಆ ಹೆಸರು ಬಂದದ್ದು ಈ ಊರಿನಿಂದಲೇ. ಅಲ್ಲಿಯವರು ಮೆಲಾಕಾ ಅನ್ನುತ್ತಾರೆ. ಹೊಸ ಊರು ಸುತ್ತಲೂ ಬೆಳೆದಿದೆ. ಆದರೆ ನಾವು ನೋಡಲು ಹೋಗುವ ಹಳೇ ಊರು ಚಿಕ್ಕದು. ನದಿಯ ಒಂದು ದಡದಲ್ಲಿ ಗುಡ್ಡ, ಕೋಟೆ, ಕೆಂಪು ಕಟ್ಟಡಗಳು. ಇನ್ನೊಂದು ದಡದಲ್ಲಿ ಪೇಟೆ ಬೀದಿಗಳು. ನಡುವೆ ಒಂದು ಸೇತುವೆ. ಈ ತುದಿಯಿಂದ ಆ ತುದಿಗೆ ಆರಾಮಾಗಿ ನಡೆದೇ ಹೋಗಬಹುದು. 2008ರಲ್ಲಿ ಯುನೆಸ್ಕೊ ಈ ಊರನ್ನೂ ಪೆನಾಂಗ್‌ನ ಜಾರ್ಜ್ ಟೌನನ್ನೂ ಒಟ್ಟಿಗೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಕೌಲಾಲಂಪುರದಿಂದ ಒಂದೇ ದಿನದಲ್ಲಿ ಹೋಗಿ ಬಂದರೆ ಸಾಕಲ್ವಾ?

ಸಾಲದು. ಎಲ್ಲರೂ ಕೇಳುವ ಪ್ರಶ್ನೆ ಇದು, ಎಲ್ಲರೂ ಮಾಡುವ ತಪ್ಪೂ ಇದೇ. ನಾನೂ ಮಾಡಿದ್ದೆ. ಟೂರ್ ಬಸ್ಸಿನಲ್ಲಿ ಹನ್ನೊಂದು ಗಂಟೆಗೆ ಇಳಿಸಿದರು. ಸುಡು ಬಿಸಿಲು. ಕೆಂಪು ಚರ್ಚಿನ ಮುಂದೆ ಒಂದು ಫೋಟೊ, ಕೋಟೆ ಬಾಗಿಲ ಮುಂದೆ ಒಂದು ಫೋಟೊ, ಊಟ, ಮತ್ತೆ ಬಸ್ಸು. ಮೂರು ಗಂಟೆಗೆಲ್ಲ ಊರು ಬಿಟ್ಟಿದ್ದೆವು. ಎಷ್ಟೊಂದು ದುಡ್ಡು ಕೊಟ್ಟು ಬಂದು ಏನೂ ನೋಡಲಿಲ್ಲವಲ್ಲ ಅಂತ ತುಂಬಾ ಬೇಜಾರಾಗಿತ್ತು.

ಈ ಊರು ಚೆನ್ನಾಗಿ ಕಾಣುವುದು ಬೆಳಿಗ್ಗೆ ಎಂಟರೊಳಗೆ, ಸಂಜೆ ಆರರ ಮೇಲೆ. ಆ ಹೊತ್ತಿನಲ್ಲಿ ಟೂರ್ ಬಸ್ಸುಗಳು ಇರುವುದಿಲ್ಲ. ಬೆಳಿಗ್ಗೆ ಅಂಗಡಿಯವರು ಬಾಗಿಲ ಮುಂದೆ ನೀರು ಹಾಕುತ್ತಿರುತ್ತಾರೆ. ಸಂಜೆ ನದಿ ದಡದಲ್ಲಿ ತಂಪು ಗಾಳಿ ಬರುತ್ತದೆ. ಕಡಿಮೆ ಅಂದರೆ ಎರಡು ರಾತ್ರಿ ಉಳಿಯಿರಿ. ಇದು ಮೊದಲಿನಿಂದಲೂ ಬಂದವರು ಉಳಿದುಕೊಳ್ಳುತ್ತಿದ್ದ ಊರು.

ಇಷ್ಟೊಂದು ಬಗೆಯ ಜನ ಒಂದೇ ಊರಿನಲ್ಲಿ ಸೇರಿದ್ದು ಹೇಗೆ?

ಗಾಳಿಯಿಂದ. ನಮ್ಮ ಕಡೆ ಮಳೆ ತರುವ ಮುಂಗಾರಿನ ಗಾಳಿ ಇದೆಯಲ್ಲ, ಹಾಯಿ ಹಡಗುಗಳನ್ನು ಭಾರತದಿಂದ ಪೂರ್ವಕ್ಕೆ ತಳ್ಳುತ್ತಿದ್ದದ್ದು ಅದೇ. ಗಾಳಿ ತಿರುಗಿ ಈಶಾನ್ಯದಿಂದ ಬೀಸಲು ಶುರುವಾದರೆ ಚೀನಾದ ಹಡಗುಗಳು ಕೆಳಗೆ ಇಳಿದು ಬರುತ್ತಿದ್ದವು, ನಮ್ಮವು ವಾಪಸ್ ಹೊರಡುತ್ತಿದ್ದವು. ಎರಡು ಗಾಳಿಗಳೂ ಸೇರುವ ಜಾಗದಲ್ಲಿದ್ದದ್ದು ಮಲಕ್ಕಾ. ಬಂದ ಗಾಳಿಯಲ್ಲೇ ತಿರುಗಿ ಹೋಗಲು ಆಗುವುದಿಲ್ಲ. ಹಾಗಾಗಿ ಗುಜರಾತಿ, ತಮಿಳ, ಅರಬ, ಚೀನೀಯ, ಜಾವಾದವನು, ಎಲ್ಲರೂ ಸರಕು ಇಳಿಸಿ ಗಾಳಿ ತಿರುಗುವವರೆಗೂ ತಿಂಗಳುಗಟ್ಟಲೆ ಇಲ್ಲೇ ಕಾಯಬೇಕಿತ್ತು.

ತಿಂಗಳುಗಟ್ಟಲೆ ಇದ್ದ ಮೇಲೆ ಏನಾಗುತ್ತದೆ? ಗೋದಾಮು ಬೇಕು, ಮನೆ ಬೇಕು, ಊಟ ಬೇಕು, ದೇವಸ್ಥಾನ ಬೇಕು. ಕೆಲವರು ಅಲ್ಲಿಯ ಹೆಣ್ಣುಮಕ್ಕಳನ್ನೇ ಮದುವೆಯಾದರು. ಮಕ್ಕಳು ಅಮ್ಮನ ಭಾಷೆ ಕಲಿತು ಅಪ್ಪನ ದೇವರಿಗೆ ಕೈ ಮುಗಿದರು. ಮಲಕ್ಕಾದಲ್ಲಿ ತಮಿಳು ಮೂಲದ ಚಿಟ್ಟಿಗಳೂ ಚೀನೀ ಮೂಲದ ಬಾಬಾ ನ್ಯೋನ್ಯಾಗಳೂ ಹುಟ್ಟಿಕೊಂಡದ್ದು ಹೀಗೆ.

ಪೋರ್ಚುಗೀಸರಿಗಿಂತ ಮುಂಚೆ ಇಲ್ಲಿ ಆಳುತ್ತಿದ್ದ ಸುಲ್ತಾನರ ಕಾಲದಲ್ಲಿ ಬಂದರಿಗೆ ನಾಲ್ವರು ಷಾಬಂದರ್‌ಗಳು ಇದ್ದರು. ಬಂದರಿನ ಯಜಮಾನರು ಅನ್ನಿ. ಒಬ್ಬನಿಗೆ ಗುಜರಾತಿಗಳು, ಒಬ್ಬನಿಗೆ ಚೀನೀಯರು, ಹೀಗೆ ಒಂದೊಂದು ಕಡೆಯ ವ್ಯಾಪಾರಿಗಳ ಜವಾಬ್ದಾರಿ ಒಬ್ಬೊಬ್ಬರಿಗೆ. ಪೋರ್ಚುಗೀಸರು ಊರು ಹಿಡಿದ ಹೊಸದರಲ್ಲಿ ಅಲ್ಲಿದ್ದ ತೋಮೆ ಪಿರೆಸ್ ಎಂಬ ಅಧಿಕಾರಿ, ಇಲ್ಲಿ 84 ಭಾಷೆ ಕೇಳಿಬರುತ್ತವೆ ಅಂತ ಬರೆದಿಟ್ಟಿದ್ದಾನೆ. ಲವಂಗ, ಜಾಯಿಕಾಯಿ, ಜಾಪತ್ರೆ ಪೂರ್ವದ ದ್ವೀಪಗಳಿಂದ ಬರುತ್ತಿದ್ದವು. ರೇಷ್ಮೆ, ಪಿಂಗಾಣಿ ಚೀನಾದಿಂದ. ಹತ್ತಿ ಬಟ್ಟೆ ನಮ್ಮ ದೇಶದಿಂದ.

ಊರಿಗೆ ಮಲಕ್ಕಾ ಅಂತ ಹೆಸರು ಯಾಕೆ ಬಂತು?

ಈ ಕತೆ ನನಗೆ ತುಂಬಾ ಇಷ್ಟ. 1400ರ ಸುಮಾರಿಗೆ ಸುಮಾತ್ರಾದ ಕಡೆಯಿಂದ ಪರಮೇಶ್ವರ ಎಂಬ ರಾಜಕುಮಾರ ನೆಲೆ ಹುಡುಕುತ್ತಾ ಈ ನದಿ ದಡಕ್ಕೆ ಬಂದ. ಮರದ ಕೆಳಗೆ ಕೂತಿದ್ದಾಗ ಅವನ ಬೇಟೆನಾಯಿ ಬರ್ಕ ಎಂಬ ಮೊಲದಷ್ಟೇ ಗಾತ್ರದ ಜಿಂಕೆಯಂಥ ಪ್ರಾಣಿಯನ್ನು ಅಟ್ಟಿಸಿಕೊಂಡು ಹೋಯಿತು. ಬರ್ಕ ತಿರುಗಿ ನಿಂತು ನಾಯಿಯನ್ನೇ ಒದ್ದು ನೀರಿಗೆ ಕೆಡವಿತು. ಇಷ್ಟು ಸಣ್ಣ ಪ್ರಾಣಿಗೇ ಇಂಥ ಧೈರ್ಯ ಇರುವ ನೆಲ ಒಳ್ಳೆಯದು ಅಂತ ಅವನು ಅಲ್ಲೇ ಊರು ಕಟ್ಟಿದ. ಇದು ದಂತಕತೆ. ನಮ್ಮ ಹಂಪಿಯ ಕಡೆ ಮೊಲ ನಾಯಿಯನ್ನು ಅಟ್ಟಿಸಿಕೊಂಡು ಹೋದ ಕತೆ ಹೇಳುತ್ತಾರಲ್ಲ, ಥೇಟ್ ಹಾಗೇ!

ಅವನು ಕೂತಿದ್ದ ಮರದ ಹೆಸರು ಮೆಲಾಕಾ. ಅಂದರೆ ನಮ್ಮ ಬೆಟ್ಟದ ನೆಲ್ಲಿ. ಸಂಸ್ಕೃತದ ಆಮಲಕ ಮಲಯ ಭಾಷೆಯಲ್ಲಿ ಮೆಲಾಕಾ ಆಗಿದೆ. ತುಳಸಿ ಹಬ್ಬಕ್ಕೆ ಗಾಂಧಿ ಬಜಾರಿನಲ್ಲಿ ನೆಲ್ಲಿ ಕೊಂಬೆ ಕೊಳ್ಳುತ್ತೇವಲ್ಲ, ಆ ಮರವೇ. ಅಮ್ಮನಿಗೆ ಇದನ್ನು ಹೇಳಿದಾಗ ಅವರು ಎಲೆ ಮುಟ್ಟಿ ನೋಡಿ, "ಹೌದಲ್ಲೋ, ನೆಲ್ಲಿನೇ" ಅಂದರು.

ಕರ್ನಾಟಕಕ್ಕೂ ಈ ಊರಿಗೂ ಏನಾದರೂ ನಂಟು ಇದೆಯಾ?

ಇದೆ, ಸ್ವಲ್ಪ ಸುತ್ತಿ ಬರುತ್ತದೆ. 1510ರಲ್ಲಿ ಪೋರ್ಚುಗೀಸ್ ಸೇನಾಪತಿ ಅಲ್ಬುಕರ್ಕ್ ಗೋವಾ ಹಿಡಿದಾಗ ಅವನಿಗೆ ನೆರವಾದವನು ಹೊನ್ನಾವರದ ತಿಮ್ಮಯ್ಯ. ಪೋರ್ಚುಗೀಸರು ಅವನನ್ನು ತಿಮೋಜಾ ಅಂತ ಕರೆದರು. ಮರುವರ್ಷ, 1511ರಲ್ಲಿ, ಅದೇ ಅಲ್ಬುಕರ್ಕ್ ಹಡಗು ತೆಗೆದುಕೊಂಡು ಹೋಗಿ ಮಲಕ್ಕಾ ಹಿಡಿದ.

ಇನ್ನೊಂದು ನಂಟು ಗೋವಾ ನೋಡಿದವರಿಗೆ ಗೊತ್ತಾಗುತ್ತದೆ. ಹಳೇ ಗೋವಾದ ಚರ್ಚಿನಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರ್ ದೇಹ ಇದೆಯಲ್ಲ, ಅದನ್ನು 1553ರಲ್ಲಿ ಕೆಲವು ತಿಂಗಳು ಹೂಳಿಟ್ಟಿದ್ದದ್ದು ಮಲಕ್ಕಾದ ಗುಡ್ಡದ ಮೇಲಿನ ಸೇಂಟ್ ಪಾಲ್ ಚರ್ಚಿನಲ್ಲಿ. ಆಮೇಲೆ ಗೋವಾಕ್ಕೆ ತಂದರು. ಖಾಲಿ ಸಮಾಧಿಯ ಜಾಗ ಇವತ್ತಿಗೂ ಇದೆ.

ಪದಗಳಲ್ಲೂ ನಂಟು ಸಿಗುತ್ತದೆ. ಮಲಯ ಭಾಷೆಯಲ್ಲಿ ಭಾಷೆಗೆ ಬಹಾಸಾ, ಮುಖಕ್ಕೆ ಮುಕಾ, ಬಣ್ಣಕ್ಕೆ ವರ್ನಾ. ಪೋರ್ಚುಗೀಸರು ನಮಗೂ ಅವರಿಗೂ ಬಿಟ್ಟುಹೋದವೂ ಇವೆ. ನಮ್ಮ ಅಲಮಾರು ಅವರಿಗೆ ಅಲ್ಮಾರಿ, ನಮ್ಮ ಪಾದ್ರಿ ಅವರಿಗೆ ಪಾದೆರಿ. ಬೀದಿಯಲ್ಲಿ ಬೋರ್ಡು ಓದುತ್ತಾ ಹೋಗಿ, ಇಂಥವು ಜಾಸ್ತಿ ಸಿಗುತ್ತವೆ.

ವೀಸಾ ಬೇಕಾ?

2023ರ ಡಿಸೆಂಬರ್ 1ರಿಂದ ಭಾರತೀಯರಿಗೆ 30 ದಿನದವರೆಗೆ ವೀಸಾ ಬೇಡ. ಇದನ್ನು 2026ರ ಕೊನೆಯವರೆಗೆ ಮುಂದುವರಿಸಿದ್ದಾರೆ. ಟಿಕೆಟ್ ಮಾಡುವ ಮುಂಚೆ ಒಮ್ಮೆ ಖಚಿತ ಮಾಡಿಕೊಳ್ಳಿ. ಡಿಜಿಟಲ್ ಅರೈವಲ್ ಕಾರ್ಡ್ ಮಾತ್ರ ಮರೆಯಬೇಡಿ. ಇಳಿಯುವ ದಿನಕ್ಕೆ ಮುಂಚಿನ ಮೂರು ದಿನದೊಳಗೆ ಆನ್‌ಲೈನ್‌ನಲ್ಲಿ ತುಂಬಬೇಕು. ಇದಕ್ಕೆ ದುಡ್ಡಿಲ್ಲ. ಯಾವುದಾದರೂ ವೆಬ್‌ಸೈಟು ದುಡ್ಡು ಕೇಳಿದರೆ ಅದು ಸರ್ಕಾರದ್ದಲ್ಲ.

ಬೆಂಗಳೂರಿನಿಂದ ಹೇಗೆ ಹೋಗುವುದು?

ಕೆಂಪೇಗೌಡ ವಿಮಾನ ನಿಲ್ದಾಣದಿಂದ ಕೌಲಾಲಂಪುರಕ್ಕೆ ನೇರ ವಿಮಾನಗಳಿವೆ, ನಾಲ್ಕು ಗಂಟೆ ಚಿಲ್ಲರೆ ಪ್ರಯಾಣ. ಅಲ್ಲಿಂದ ಮಲಕ್ಕಾಕ್ಕೆ ನಮ್ಮ ಬೆಂಗಳೂರು–ಮೈಸೂರಿನಷ್ಟೇ ದೂರ. ವಿಮಾನ ನಿಲ್ದಾಣದಿಂದಲೇ ನೇರ ಬಸ್ಸು ಸಿಗುತ್ತದೆ, ಕೌಲಾಲಂಪುರ ಪೇಟೆಯೊಳಗೆ ಹೋಗುವ ಅಗತ್ಯವೇ ಇಲ್ಲ. ನಗರದಲ್ಲಿದ್ದರೆ ಟಿಬಿಎಸ್ ಎಂಬ ದೊಡ್ಡ ಬಸ್ ನಿಲ್ದಾಣದಿಂದ ಹತ್ತಿ. ಎರಡು ಗಂಟೆಯಲ್ಲಿ ಮೆಲಾಕಾ ಸೆಂಟ್ರಲ್ ನಿಲ್ದಾಣದಲ್ಲಿ ಇಳಿಸುತ್ತಾರೆ. ಅದು ಹಳೇ ಊರಿನಿಂದ ದೂರ. ಲಗೇಜ್ ಇದ್ದರೆ ಗ್ರ್ಯಾಬ್ ಆ್ಯಪ್‌ನಲ್ಲಿ ಕಾರು ಕರೆಯಿರಿ. ನಮ್ಮ ಓಲಾ ಇದ್ದ ಹಾಗೆ.

ಯಾವ ದಿನ ಹೋದರೆ ಒಳ್ಳೆಯದು?

ತಿಂಗಳು ಯಾವುದಾದರೂ ಆಗಬಹುದು. ಭೂಮಧ್ಯ ರೇಖೆಯ ಹತ್ತಿರದ ಊರು, ವರ್ಷವಿಡೀ ಮಂಗಳೂರಿನ ಸೆಕೆ. ವಾರ ಮುಖ್ಯ. ಶುಕ್ರವಾರ, ಶನಿವಾರ, ಭಾನುವಾರ ಸಂಜೆ ಜೋಂಕರ್ ಬೀದಿಯಲ್ಲಿ ರಾತ್ರಿ ಸಂತೆ ನಡೆಯುತ್ತದೆ. ಅದು ನೋಡಲೇಬೇಕು. ಆದರೆ ಆ ದಿನಗಳಲ್ಲಿ ಸಿಂಗಪುರದಿಂದಲೂ ಜನ ಬರುತ್ತಾರೆ, ರೂಮಿನ ಬಾಡಿಗೆ ಏರುತ್ತದೆ. ನನ್ನ ಸಲಹೆ: ಭಾನುವಾರ ಮಧ್ಯಾಹ್ನ ಬನ್ನಿ, ಆ ರಾತ್ರಿ ಸಂತೆ ನೋಡಿ, ಬುಧವಾರ ಹೊರಡಿ. ವಾರದ ನಡುವೆ ಕೆಲವು ಅಂಗಡಿಗಳು ರಜೆ ಮಾಡುತ್ತವೆ, ಬೀದಿಗಳು ಮಾತ್ರ ನಿಮ್ಮವೇ.

ಮೊದಲು ಏನು ನೋಡಬೇಕು?

ಕೋಟೆ ಅಲ್ಲ. ಬೆಳಿಗ್ಗೆ ಎದ್ದು ನೇರ ಅಕ್ಕಸಾಲಿಗರ ಬೀದಿಗೆ ಹೋಗಿ. ಮಲಯದಲ್ಲಿ ಜಲಾನ್ ತುಕಾಂಗ್ ಎಮಾಸ್. ಎಮಾಸ್ ಅಂದರೆ ಚಿನ್ನ. ಅದಕ್ಕೆ ತಾಗಿಕೊಂಡೇ ಕಮ್ಮಾರರ ಬೀದಿ. ನಮ್ಮ ಬಳೇಪೇಟೆ, ಅಕ್ಕಿಪೇಟೆ, ಕುಂಬಾರಪೇಟೆಗಳ ಹಾಗೆ ಕಸುಬಿನ ಹೆಸರಿನ ಬೀದಿಗಳು.

ಅಲ್ಲಿ ಮೊದಲು ಸಿಗುವುದು ಪೊಯ್ಯಾದ ವಿನಾಯಗರ್ ದೇವಸ್ಥಾನ. ಆಗ ಊರು ಆಳುತ್ತಿದ್ದ ಡಚ್ಚರು ಕೊಟ್ಟ ಜಾಗದಲ್ಲಿ 1781ರಲ್ಲಿ ಚಿಟ್ಟಿಗಳು ಕಟ್ಟಿಸಿದ್ದು. ನಾಲ್ಕು ಹೆಜ್ಜೆ ಹೋದರೆ 1748ರಲ್ಲಿ ಶುರುವಾದ ಕಂಪುಂಗ್ ಕ್ಲಿಂಗ್ ಮಸೀದಿ. ಅದರ ಮಿನಾರು ಚೀನೀ ಪಗೋಡದ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ, ಸೂರು ಸುಮಾತ್ರಾದ ಶೈಲಿ, ಗೋಡೆಯ ಹೆಂಚುಬಿಲ್ಲೆಗಳು ಯುರೋಪಿನವು. ಇನ್ನೂ ಸ್ವಲ್ಪ ಮುಂದೆ ಚೆಂಗ್ ಹೂನ್ ಟೆಂಗ್. 17ನೇ ಶತಮಾನದ ಚೀನೀ ದೇವಸ್ಥಾನ, ಕರುಣೆಯ ದೇವತೆ ಗ್ವಾನ್‌ಯಿನ್‌ದು. ಸಾಂಬ್ರಾಣಿ ಹೊಗೆ ಬೀದಿಯವರೆಗೂ ಬರುತ್ತದೆ. ಗಣಪತಿಗೆ ಕೈ ಮುಗಿದು ಹೊರಗೆ ಬಂದ ಅಮ್ಮ ಅಲ್ಲೂ ಚಪ್ಪಲಿ ಬಿಟ್ಟು ಒಳಗೆ ಹೋದರು. ಒಬ್ಬ ಅಜ್ಜಿ ಅವರ ಕೈಗೆ ಮೂರು ಊದುಬತ್ತಿ ಕೊಟ್ಟು ಹೇಗೆ ಹಿಡಿಯಬೇಕು ಅಂತ ತೋರಿಸಿದರು. ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬರುತ್ತಿರಲಿಲ್ಲ.

ಒಂದು ಮಾತು. ಮಸೀದಿಯ ಹೆಸರಿನಲ್ಲಿರುವ ಕ್ಲಿಂಗ್ ಎಂಬ ಪದ ಕಳಿಂಗದಿಂದ ಬಂದದ್ದು. ಹಿಂದೆ ಭಾರತದ ಕಡೆಯವರಿಗೆ ಹಾಗನ್ನುತ್ತಿದ್ದರು. ಈಗ ಅಲ್ಲಿಯ ಭಾರತೀಯರು ಅದನ್ನು ಬೈಗುಳ ಅಂತಲೇ ತಿಳಿಯುತ್ತಾರೆ. ಜಾಗದ ಹೆಸರಾಗಿ ಬಿಟ್ಟರೆ ಬಾಯಲ್ಲಿ ಬರುವುದು ಬೇಡ.

ಚಿಟ್ಟಿಗಳು ಅಂದರೆ ಯಾರು? ನಮ್ಮ ಶೆಟ್ಟರಾ?

ಪದ ಅದೇ ಬೇರಿನದು, ವ್ಯಾಪಾರಿ ಅಂತ. ತಮಿಳು ನಾಡಿನ ಕರಾವಳಿಯಿಂದ ಸುಲ್ತಾನರ ಕಾಲದಲ್ಲಿ ಬಂದು ಅಲ್ಲಿಯವರನ್ನು ಮದುವೆಯಾಗಿ ಉಳಿದವರ ಮಕ್ಕಳು. ಮನೆಮಾತು ಮಲಯ. ಉಡುಗೆಯಲ್ಲಿ ಸರೋಂಗ್ ಎಂಬ ಲುಂಗಿ, ಕೆಬಾಯಾ ಎಂಬ ಕುಪ್ಪಸ. ದೇವರು ಮಾತ್ರ ಮಾರಿಯಮ್ಮ, ವಿನಾಯಗ. ಗಾಜಾ ಬೆರಾಂಗ್ ಎಂಬಲ್ಲಿ ಅವರ ಪುಟ್ಟ ಕೇರಿ ಇದೆ. ಭೋಗಿಯ ದಿನ ಹಿರಿಯರಿಗೆ ಬಾಳೆ ಎಲೆಯ ಮೇಲೆ ಎಡೆ ಇಡುತ್ತಾರೆ. ಎಡೆಯಲ್ಲಿ ಮಲಯ ಅಡುಗೆಗಳೂ ಇರುತ್ತವೆ. ಭಾಷೆ ಹೋಗಿ ನೂರಾರು ವರ್ಷ ಆದ ಮೇಲೂ ಎಡೆ ಉಳಿದಿದೆ. ನನಗೆ ಅಲ್ಲಿ ಗಂಟಲು ಕಟ್ಟಿತ್ತು. ಅದು ಜನ ವಾಸ ಮಾಡುವ ಕೇರಿ, ಅಂಗಳಕ್ಕೆ ನುಗ್ಗಿ ಫೋಟೊ ತೆಗೆಯಬೇಡಿ.

ಹಳೇ ಮನೆಗಳ ಒಳಗೆ ಹೋಗಲು ಬಿಡುತ್ತಾರಾ?

ಕೆಲವು ಮ್ಯೂಸಿಯಂ ಆಗಿವೆ, ಕೆಲವು ಹೋಟೆಲ್ಲು. ಹೀರೆನ್ ಬೀದಿಯ 8ನೇ ನಂಬರಿನ ಮನೆ ಡಚ್ಚರ ಕಾಲದ್ದು, ಜನ ನೋಡಲೆಂದೇ ರಿಪೇರಿ ಮಾಡಿಟ್ಟಿದ್ದಾರೆ. ಬಾಬಾ ನ್ಯೋನ್ಯಾ ಮ್ಯೂಸಿಯಂನಲ್ಲಿ ಮಹಡಿಯ ನೆಲಕ್ಕೆ ಒಂದು ಸಣ್ಣ ಕಿಂಡಿ ಇದೆ. ಬಾಗಿಲಿಗೆ ಯಾರು ಬಂದರು ಅಂತ ಹೆಂಗಸರು ಮೇಲಿಂದಲೇ ನೋಡುತ್ತಿದ್ದರಂತೆ. ಬಾಬಾ ಅಂದರೆ ಗಂಡಸು, ನ್ಯೋನ್ಯಾ ಅಂದರೆ ಹೆಂಗಸು. ಚೀನೀ ವ್ಯಾಪಾರಿಗಳೂ ಅಲ್ಲಿಯ ಹೆಣ್ಣುಮಕ್ಕಳೂ ಸೇರಿ ಹುಟ್ಟಿದ ಮನೆತನಗಳು ಇವು.

ಆದರೆ ಮನೆ ಅಂದರೇನು ಅಂತ ತಿಳಿಯಬೇಕಾದರೆ ಅಂಥ ಮನೆಯಲ್ಲೇ ರೂಮು ಮಾಡಿ. ಮುಂಭಾಗ ತೀರಾ ಕಿರಿದು, ಒಳಗೆ ಹೋದರೆ ಮುಗಿಯುವುದೇ ಇಲ್ಲ, ಉದ್ದಕ್ಕೆ ರೈಲುಬೋಗಿಯ ಹಾಗೆ. ನಡುವೆ ಆಕಾಶಕ್ಕೆ ತೆರೆದ ತೊಟ್ಟಿ. ಹೌದು, ನಮ್ಮ ತೊಟ್ಟಿ ಮನೆಯದೇ ತೊಟ್ಟಿ. ನಾವು ಇದ್ದಾಗ ಒಂದು ಮಧ್ಯಾಹ್ನ ಜೋರು ಮಳೆ ಬಂತು. ನಾಲ್ಕೂ ಸೂರಿನಿಂದ ನೀರು ತೊಟ್ಟಿಯ ಕಲ್ಲಿಗೆ ಬೀಳುತ್ತಿತ್ತು, ಮೂಲೆಯ ತೂತಿನಲ್ಲಿ ಗುಳುಗುಳು ಅಂತ ಇಳಿಯುತ್ತಿತ್ತು. ಅಮ್ಮ ಕುರ್ಚಿ ಎಳೆದುಕೊಂಡು ಕೂತವರು ಮಳೆ ನಿಲ್ಲುವವರೆಗೂ ಏಳಲಿಲ್ಲ. ಎದುರು ಮನೆಯ ಬಾಗಿಲ ಪಕ್ಕದ ಕೆಂಪು ಗೂಡಿನಲ್ಲಿ ಎರಡು ಕಿತ್ತಳೆ, ಉರಿಯುವ ಊದುಬತ್ತಿ. "ಇವರೂ ಹೊಸ್ತಿಲ ಹತ್ರ ಪೂಜೆ ಮಾಡ್ತಾರಲ್ಲೋ" ಅಂದರು.

ಕೋಟೆ, ಚರ್ಚು ನೋಡಬೇಕಾ?

ನೋಡಿ, ಒಂದು ಬೆಳಿಗ್ಗೆ ಸಾಕು. ಪೋರ್ಚುಗೀಸರ ಕೋಟೆಯಲ್ಲಿ ಉಳಿದಿರುವುದು ಮುಖ್ಯವಾಗಿ ಒಂದು ಬಾಗಿಲು. 1641ರಲ್ಲಿ ಡಚ್ಚರು ಊರು ಹಿಡಿದು ಕೋಟೆ ರಿಪೇರಿ ಮಾಡಿದರು, ಬಾಗಿಲ ಮೇಲೆ 1670 ಅಂತ ಕೆತ್ತಿಸಿದರು. 1807ರಲ್ಲಿ ಬ್ರಿಟಿಷರು ಅದನ್ನು ಒಡೆಯಲು ಶುರುಮಾಡಿದರು. ಹಿಂದೆ ಸಮುದ್ರ ಈ ಬಾಗಿಲ ಹತ್ತಿರವೇ ಇತ್ತು, ಈಗ ಮಣ್ಣು ತುಂಬಿ ದೂರ ಹೋಗಿದೆ. ಚೌಕದ ಕೆಂಪು ಚರ್ಚು ಡಚ್ಚರದ್ದು, 1753ರಲ್ಲಿ ಮುಗಿದದ್ದು. ಪೆನಾಂಗ್, ಸಿಂಗಪುರ ಬಂದರುಗಳು ಬೆಳೆದ ಮೇಲೆ ಇಲ್ಲಿಯ ವ್ಯಾಪಾರ ಹೋಯಿತು. ಊರು ಹೀಗೆ ಚಿಕ್ಕದಾಗಿ ಉಳಿದದ್ದಕ್ಕೆ ಅದೂ ಒಂದು ಕಾರಣ.

ನದಿಯ ದೋಣಿ ವಿಹಾರ ಚೆನ್ನಾಗಿದೆಯಾ?

ಕತ್ತಲಾದ ಮೇಲೆ ಚೆನ್ನಾಗಿರುತ್ತದೆ, ಮುಕ್ಕಾಲು ಗಂಟೆ. ನನಗೆ ನಡೆಯುವುದೇ ಜಾಸ್ತಿ ಇಷ್ಟ. ಎರಡೂ ದಡಕ್ಕೆ ಕಾಲುದಾರಿ ಇದೆ. ಮೇಲಕ್ಕೆ ನಡೆದರೆ ಕಂಪುಂಗ್ ಮೋರ್ಟೆನ್ ಎಂಬ ಮಲಯ ಜನರ ಕೇರಿ ಸಿಗುತ್ತದೆ, ಕಂಬಗಳ ಮೇಲೆ ನಿಂತ ಮರದ ಮನೆಗಳು. ದಡದಲ್ಲಿ ದೊಡ್ಡ ಉಡಗಳು ಓಡಾಡುತ್ತವೆ. ಹೆದರಬೇಡಿ, ಅವು ತಮ್ಮ ಪಾಡಿಗೆ ಇರುತ್ತವೆ.

ನಾವು ಶುದ್ಧ ಸಸ್ಯಾಹಾರಿಗಳು. ಊಟಕ್ಕೆ ಏನು ಮಾಡುವುದು?

ಉಪವಾಸ ಇರಬೇಕಿಲ್ಲ. ಬಾಳೆ ಎಲೆ ಊಟದ ತಮಿಳರ ಹೋಟೆಲುಗಳಿವೆ, ದೋಸೆ ಇಡ್ಲಿ ಸಿಗುತ್ತದೆ. ಚೀನೀಯರ ಸಸ್ಯಾಹಾರಿ ಹೋಟೆಲುಗಳೂ ಇವೆ. ಎಚ್ಚರ ಬೇಕಾದದ್ದು ಬೆಲಾಚಾನ್ ಬಗ್ಗೆ. ಅದು ಸಿಗಡಿಯನ್ನು ಹುದುಗಿಸಿ ಮಾಡಿದ ಮುದ್ದೆ. ಬರೀ ಸೊಪ್ಪಿನ ಪಲ್ಯದಲ್ಲೂ ಹಾಕಿರುತ್ತಾರೆ. "ಮಾಂಸ ಇಲ್ಲ ತಾನೇ?" ಅಂತ ಕೇಳಿದರೆ ಇಲ್ಲ ಅನ್ನುತ್ತಾರೆ, ಅವರ ಪ್ರಕಾರ ಅದು ಮಾಂಸ ಅಲ್ಲ. ಒಂದು ಕಡೆ ನಮಗೆ ಹಾಗೇ ಆಯಿತು. ಅಮ್ಮ ಒಂದು ತುತ್ತು ತಿಂದು ತಟ್ಟೆ ಸರಿಸಿದರು, ಆ ರಾತ್ರಿ ಬರೀ ಬಾಳೆಹಣ್ಣು. ಆದ್ದರಿಂದ ಈ ಸಾಲು ಬಾಯಿಪಾಠ ಮಾಡಿ: "ಸಾಯಾ ತಾ ಮಾಕಾನ್ ದಾಗಿಂಗ್, ಇಕಾನ್, ಬೆಲಾಚಾನ್." ನಾನು ಮಾಂಸ, ಮೀನು, ಬೆಲಾಚಾನ್ ತಿನ್ನುವುದಿಲ್ಲ ಅಂತ. ಕೊನೆಗೊಂದು "ತೆರಿಮಾ ಕಾಸಿ" ಸೇರಿಸಿ, ಧನ್ಯವಾದ.

ಮಾಂಸ ತಿನ್ನುವವರಿಗೆ ಇದು ಹಬ್ಬದ ಊರು. ಅನ್ನವನ್ನು ಸಣ್ಣ ಮುದ್ದೆ ಕಟ್ಟಿ ಕೋಳಿಯ ಜೊತೆ ಕೊಡುತ್ತಾರೆ, ನ್ಯೋನ್ಯಾ ಲಕ್ಸಾ ಎಂಬ ಕಾಯಿಹಾಲಿನ ನೂಡಲ್ಸ್ ಸಾರು ಇದೆ. ಗೆಳೆಯರು ಹೊಗಳಿದ್ದು ಕೇಳಿದ್ದೇನೆ, ನಾನು ತಿಂದಿಲ್ಲ.

ವಯಸ್ಸಾದವರನ್ನು ಕರೆದುಕೊಂಡು ಹೋಗಬಹುದಾ?

ಖಂಡಿತ. ಸೇಂಟ್ ಪಾಲ್ ಗುಡ್ಡಕ್ಕೆ ಮೆಟ್ಟಿಲುಗಳಿವೆ, ನಿಧಾನವಾಗಿ ಹತ್ತಿಸಿ. ಅಂಗಡಿಗಳ ಜಗಲಿಗಳು ಒಂದೊಂದು ಒಂದೊಂದು ಎತ್ತರ, ಕಾಲ ಕಡೆ ಗಮನ ಇರಲಿ. ಮಧ್ಯಾಹ್ನ ಹನ್ನೆರಡರಿಂದ ನಾಲ್ಕು ರೂಮಿನಲ್ಲೇ ಇರಿ. ಹೂವು, ಗೊಂಬೆ ಸಿಂಗರಿಸಿದ ಸೈಕಲ್ ರಿಕ್ಷಾಗಳಿವೆ, ಹತ್ತುವ ಮುಂಚೆ ಬಾಡಿಗೆ ಮಾತಾಡಿ.

ದುಡ್ಡು, ಪ್ಲಗ್ಗು, ಇತ್ಯಾದಿ?

ಒಂದು ರಿಂಗಿಟ್‌ಗೆ 20 ರೂಪಾಯಿ ಆಸುಪಾಸು ಅಂತ ಲೆಕ್ಕ ಹಾಕಿ, ಹೊರಡುವ ದಿನದ ದರ ನೋಡಿಕೊಳ್ಳಿ. ಹೋಟೆಲ್ ರೂಮಿಗೆ ವಿದೇಶಿಯರಿಂದ ರಾತ್ರಿಗೆ 10 ರಿಂಗಿಟ್ ಪ್ರವಾಸಿ ತೆರಿಗೆ ತೆಗೆದುಕೊಳ್ಳುತ್ತಾರೆ, ಅದು ಮೋಸ ಅಲ್ಲ. ನಮ್ಮ ಪ್ಲಗ್ಗು ಅಲ್ಲಿ ಕೂರುವುದಿಲ್ಲ, ಚಪ್ಪಟೆ ಮೂರು ಪಿನ್ನಿನ ಅಡಾಪ್ಟರ್ ಇಲ್ಲಿಂದಲೇ ಒಯ್ಯಿರಿ. ಗಡಿಯಾರ ಎರಡೂವರೆ ಗಂಟೆ ಮುಂದಕ್ಕೆ. ತಮಿಳು, ಇಂಗ್ಲಿಷ್ ಎರಡೂ ನಡೆಯುತ್ತವೆ.

ಏನು ತಿನ್ನಲೇಬೇಕು, ಮನೆಗೆ ಏನು ತರಬೇಕು?

ಎರಡಕ್ಕೂ ಒಂದೇ ಉತ್ತರ: ಗುಲಾ ಮೆಲಾಕಾ. ತೆಂಗಿನ ಮರದ ನೀರಾ ಕಾಯಿಸಿ ಮಾಡಿದ ಬೆಲ್ಲ. ಬಿದಿರಿನ ಕೊಳವೆಗೆ ಹೊಯ್ದು ಆರಿಸುವುದರಿಂದ ಉದ್ದನೆಯ ಉರುಳೆಯಾಗಿ ಸಿಗುತ್ತದೆ. ಬಣ್ಣ ಕಪ್ಪು ಕಂದು, ಸ್ವಲ್ಪ ಹೊಗೆಯ ವಾಸನೆ. ಇದನ್ನು ಕರಗಿಸಿ ಚೆಂಡೋಲ್‌ಗೆ ಹಾಕುತ್ತಾರೆ. ತುರಿದ ಐಸು, ಕಾಯಿಹಾಲು, ಹಸಿರು ಶಾವಿಗೆಯಂಥ ಎಳೆಗಳು, ಮೇಲೆ ಈ ಬೆಲ್ಲ. ಒಂದು ಚಮಚ ತಿಂದು ಅಮ್ಮ, "ಇದು ಶಾವಿಗೆ ಕಾಯಿಹಾಲು ಕಣೋ, ತಣ್ಣಗಿದೆ ಅಷ್ಟೇ" ಅಂದರು. ಇನ್ನೊಂದು ತಿಂಡಿ ಇದೆ, ಹೆಸರು ಕೇಳಿದರೆ ನಗು ಬರುತ್ತದೆ: ಒಂದೇ ಒಂದೇ! ಹಸಿರು ಬಣ್ಣದ ಪುಟ್ಟ ಉಂಡೆ, ಮೇಲೆ ಕಾಯಿತುರಿ. ಒಳಗೆ ಕರಗಿದ ಬೆಲ್ಲ ಇರುತ್ತದೆ. ಪೂರ್ತಿ ಬಾಯಿಗೆ ಹಾಕಿ ತುಟಿ ಮುಚ್ಚಿ ಕಚ್ಚಿ, ಇಲ್ಲದಿದ್ದರೆ ಬೆಲ್ಲ ಅಂಗಿಯ ಮೇಲೆ ಚಿಮ್ಮುತ್ತದೆ.

ಬೆಲ್ಲದ ಉರುಳೆಗಳನ್ನು ಎರಡು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಚೆಕ್‌ಇನ್ ಲಗೇಜಿಗೆ ಹಾಕಿ, ಸೆಕೆಗೆ ಬೆವರುತ್ತದೆ. ನಾವು ಆರು ತಂದೆವು. ಮೂರು ನೆಂಟರಿಗೆ ಹೋಯಿತು. ಉಳಿದದ್ದರಲ್ಲಿ ಅಮ್ಮ ಯುಗಾದಿಗೆ ಹೆಸರುಬೇಳೆ ಪಾಯಸ ಮಾಡಿದರು.